ಇಲಿ ಜ್ವರದ ಪೇಪರ್ ಬರೆದವನು

ಅಮರೇಶ್ವರಿ ಆ ಮನುಷ್ಯನನ್ನು ಉಸಿರು ಬಿಡದೆ ಬೈದಳು. ಬೈದು ಮುಗಿದ ಮೇಲೆ ಗೊತ್ತಾಯಿತು, ಅವನು ಯಾರೆಂದು.

ಸಿಂಧನೂರಿನ ಒಂದು ಕಾಲೇಜಿನಲ್ಲಿ ಅವಳು ಮೈಕ್ರೋಬಯಾಲಜಿ ಲೆಕ್ಚರರ್. ಜೊತೆಗೆ ಇಲಿ ಜ್ವರದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ತುರ್ವಿಹಾಳದ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಂಗಸರಿಗೆ ಈ ಜ್ವರ ಹೊಸದಲ್ಲ. ಇಲಿಯ ಉಚ್ಚೆ ಬೆರೆತ ಕೆಸರಿನಲ್ಲಿ ದಿನವಿಡೀ ನಿಲ್ಲುವ ಕಾಲುಗಳವು. ಜ್ವರ ಬಂದ ಮೂರನೇ ದಿನಕ್ಕೇ ರಕ್ತದಲ್ಲಿ ಒಂದು ಪ್ರೊಟೀನ್ ಕಾಣಿಸುತ್ತದೆ, ಅದನ್ನು ಹಿಡಿದರೆ ರೋಗ ಹಿಡಿದಂತೆಯೇ ಎಂದು ಹೈದರಾಬಾದಿನ ಡಾ. ವೆಂಕೋಬ ಎಂಬ ಸಂಶೋಧಕ ಪೇಪರ್ ಬರೆದಿದ್ದ. ದೇಶ ವಿದೇಶದ ನಾನೂರು ಪೇಪರುಗಳು ಅದನ್ನು ಉಲ್ಲೇಖಿಸಿದ್ದವು. ಅಮರೇಶ್ವರಿಯ ಟ್ಯೂಬುಗಳಲ್ಲಿ ಮಾತ್ರ ಆ ಪ್ರೊಟೀನ್ ಒಂದು ಸಲವೂ ಕಾಣಿಸಲಿಲ್ಲ.

ಆ ಪೇಪರ್ ಎಂದರೆ ಅವಳಿಗೆ ಪ್ರೀತಿ. ಬೇರೆಯವರ ಪೇಪರುಗಳು ಅಂಕಿಗಳಿಂದ ಶುರುವಾದರೆ, ಇದು ಕೆಸರಿನಲ್ಲಿ ನಿಂತು ಬಿರಿದ ಹಿಮ್ಮಡಿಗಳಿಂದ ಶುರುವಾಗುತ್ತಿತ್ತು. ಬರೆದವರು ಬಿಳಿ ಕೂದಲಿನ, ಮೆತ್ತಗೆ ಮಾತಾಡುವ ಹಿರಿಯರಿರಬೇಕು ಎಂದುಕೊಂಡಿದ್ದಳು. ಹಾಗಾಗಿ ತಪ್ಪು ಟೆಸ್ಟ್ ಕಿಟ್ಟಿನದೇ ಎಂದು ತೀರ್ಮಾನಿಸಿ ಕಂಪನಿಗೆ ದೂರು ಕೊಟ್ಟಳು. ವೆಂಕೋಬ ಸರ್‌ಗೂ ಒಂದು ಮೇಲ್ ಹಾಕಿದಳು.

ಶನಿವಾರ ಮಧ್ಯಾಹ್ನ ಹೆಗಲಿಗೆ ಬ್ಯಾಗ್ ಹಾಕಿಕೊಂಡವನೊಬ್ಬ ಲ್ಯಾಬಿನ ಬಾಗಿಲಲ್ಲಿ ನಿಂತಾಗ, ಕಂಪನಿಯವನೇ ಬಂದನೆಂದು ಅವಳು ಪೇಪರಿನ ಸಾಲುಗಳನ್ನೇ ಬಾಯಿಪಾಠ ಹೇಳುತ್ತಾ ಹಿಡಿದು ಝಾಡಿಸಿದಳು. ಅವನು ಸುಮ್ಮನೆ ಕೇಳಿಸಿಕೊಂಡ. ಟೆಸ್ಟ್ ಮಾಡಿದ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಕಿಟ್ ಬರೋಬರಿ ಐತ್ರಿ ಮೇಡಮ್."

"ಹಂಗಾರ ತಪ್ಪು ಯಾರ್ದು? ವೆಂಕೋಬ ಸರ್‌ದಾ? ಅವರ ಪೇಪರ್ ಓದೀರೇನ್ ನೀವು?"

"ಓದೀನ್ರಿ."

"ಓದಿದ್ರ ಹಿಂಗ ಮಾತಾಡ್ತಿದ್ದಿಲ್ಲ."

"ಬರದಾವನೂ ನಾನೇ ರೀ," ಎಂದ ಅವನು, ತಪ್ಪೊಪ್ಪಿಕೊಳ್ಳುವವನ ಹಾಗೆ. "ಮಸ್ಕಿಗೆ ನಮ್ಮವ್ವನ್ನ ನೋಡಾಕ ಬಂದಿದ್ದೆ. ನಿಮ್ಮ ಮೇಲ್ ನೋಡಿ ಹಂಗೇ ಬಸ್ ಹತ್ತಿದೆ."

ಅಮರೇಶ್ವರಿ ಹಿಂದಿದ್ದ ಸ್ಟೂಲನ್ನು ಕೈಯಿಂದ ಹುಡುಕಿ ಕುಳಿತಳು. ಬಿಳಿ ಕೂದಲಿಲ್ಲ, ಕನ್ನಡಕವಿಲ್ಲ. ತನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ಆಚೆ ಟೇಬಲ್ಲಿನಲ್ಲಿದ್ದ ಕೆಮಿಸ್ಟ್ರಿಯ ನಸ್ರೀನ್ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದು ಕೇಳಿಸಿತು.

ಆಮೇಲೆ ಶನಿವಾರಗಳಿಗೆಲ್ಲ ಅವನದೇ ಹೆಸರಾಯಿತು.

ಅವನು ಹೈದರಾಬಾದಿನಿಂದ ಬಂದರೆ ಇಬ್ಬರೂ ತುರ್ವಿಹಾಳಕ್ಕೆ ಹೋಗಿ ಜ್ವರದವರ ರಕ್ತದ ಮಾದರಿ ತರುತ್ತಿದ್ದರು. ಬೇರೆ ಕಿಟ್ ತರಿಸಿದರು, ಲ್ಯಾಬಿನ ನೀರು ಬದಲಿಸಿದರು. ಪ್ರೊಟೀನ್ ಕಾಣಿಸಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿನ್ನುವಾಗ ಅವನು ಮೆಣಸಿನಕಾಯಿ ತೆಗೆದಿಟ್ಟು ಬರೀ ಹಿಟ್ಟಿನ ಕವಚ ತಿನ್ನುತ್ತಿದ್ದ.

"ರಾಯಚೂರು ಜಿಲ್ಲಾದಾಗ ಹುಟ್ಟಿ ಖಾರ ತಿನ್ನಾಂಗಿಲ್ಲೇನ್ರಿ?"

"ನೀವು ಬೈದದ್ದು ಇನ್ನಾ ಇಳದಿಲ್ರಿ. ಅದರ ಮ್ಯಾಲ ಇದೂ ಯಾಕ?"

ಅವಳು ನಗು ತಡೆಯಲು ಚಹಾದ ಗ್ಲಾಸ್ ಎತ್ತಿಕೊಂಡಳು. ಗ್ಲಾಸಿನ ಅಂಚಿನ ಮೇಲಿಂದ ನೋಡಿದರೆ ಅವನೂ ನೋಡುತ್ತಿದ್ದ. ಇಬ್ಬರ ಕಣ್ಣೂ ಒಟ್ಟಿಗೇ ಬೇರೆ ಕಡೆ ಹೊರಳಿದವು, ಅಲ್ಲಿ ಲಿಂಗಸುಗೂರು ಬಸ್ಸು ಹೊರಡುತ್ತಿತ್ತು. ಅವಳ ಅಪ್ಪನ ಮನೆ ಲಿಂಗಸುಗೂರಿನಲ್ಲಿ. ಆ ಬಸ್ಸಿಗೇ ಅವಳು ಹೋಗಬೇಕಿತ್ತು. ಹೋಗಲಿಲ್ಲ.

ಹೈದರಾಬಾದಿನಲ್ಲಿ ಅವನಿಗೆ ಪ್ರಮೋಷನ್ನಿನ ಸಂದರ್ಶನ ಹತ್ತಿರ ಬಂದಿತ್ತು. ಎಷ್ಟು ಪೇಪರ್, ಎಷ್ಟು ಸೈಟೇಷನ್, ಅಂದರೆ ಎಷ್ಟು ಜನ ಅವನ್ನು ಉಲ್ಲೇಖಿಸಿದ್ದಾರೆ, ಇದೇ ಲೆಕ್ಕ ಅಲ್ಲಿ. ಅವನ ಹೆಸರು ನಿಂತಿದ್ದೇ ಈ ಒಂದು ಪೇಪರಿನ ಮೇಲೆ.

ಒಂದು ಬೆಳಗ್ಗೆ, ಅವಳು ಕ್ಲಾಸಿಗೆ ಹೊರಟಾಗ ಫೋನ್ ಬಂತು.

"ಹಳೇ ಫ್ರೀಜರ್ ತಗಸಿ ನೋಡಿದೆ," ಎಂದ. ದನಿ ಅವನದಲ್ಲ ಎನ್ನುವಷ್ಟು ಒಣಗಿತ್ತು. "ಎರಡು ಡಬ್ಬಿ ಅದಲ್ ಬದಲ್ ಆಗ್ಯಾವ. ಮೂರನೇ ದಿನದ್ದು ಅಂತ ನಾ ಟೆಸ್ಟ್ ಮಾಡಿದ್ದು, ಹದಿಮೂರನೇ ದಿನದ ರಕ್ತ."

ಅಮರೇಶ್ವರಿಗೆ ಕಾರಿಡಾರಿನ ಗದ್ದಲವೆಲ್ಲ ಒಮ್ಮೆಗೇ ನಿಂತಂತಾಯಿತು. ತಾನು ಬಾಯಿಪಾಠ ಮಾಡಿದ್ದ ಪೇಪರ್. ನಾನೂರು ಮಂದಿ ನಂಬಿ ಅದರ ಮೇಲೆ ಕಟ್ಟಿದ ಕೆಲಸ.

"ತಿದ್ದುಪಡಿ ಕಳಸ್ರಿ," ಎಂದಳು ಕೊನೆಗೆ.

"ತಿದ್ದಾಕ ಏನೂ ಉಳದಿಲ್ರಿ. ಇಡೀ ಪೇಪರೇ ವಾಪಸ್ ತಗೋಬೇಕು."

"ಇಂಟರ್‌ವ್ಯೂ ಮುಗೀಲಿ. ಆಮ್ಯಾಲ ತಗೋರಿ. ಈಗ ಗೊತ್ತಿರೋದು ನಮ್ಮಿಬ್ಬರಿಗೇ."

ಅವನು ಕೇಳಿದ: "ಅಷ್ಟರಾಗ ತುರ್ವಿಹಾಳದಾಗ ಒಬ್ಬಾಕಿಗೆ ಜ್ವರ ಬಂತಂದ್ರ? ನನ್ನ ಪೇಪರ್ ನಂಬಿ, ನಿನಗ ಇಲಿ ಜ್ವರ ಇಲ್ಲ ಹೋಗವ್ವ, ಅಂತ ಮನಿಗೆ ಕಳಸಿದ್ರ?"

ಎಂಥ ಮಾತಾಡಿದೆ ನಾನು? ತಪ್ಪಾಯಿತು ಎನ್ನುವ ಮೊದಲೇ ಲೈನ್ ಕಟ್ಟಾಯಿತು.

ಅವತ್ತಿನಿಂದ ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ.

ನಾಟಿ ಮುಗಿದು ಭತ್ತ ತೆನೆ ಬಿಡುವ ಹೊತ್ತಿಗೆ, ಸ್ಟಾಫ್ ರೂಮಿನಲ್ಲಿ ಕುಳಿತು ಆ ಪೇಪರ್ ತೆರೆದಳು. ಪ್ರತಿ ಪುಟದ ಮೇಲೂ ಕೆಂಪು ಅಕ್ಷರ ಅಡ್ಡ ಬಿದ್ದಿತ್ತು: ಹಿಂಪಡೆಯಲಾಗಿದೆ. ಸೈಟೇಷನ್ ಲೆಕ್ಕವಿಡುವ ತಾಣದಲ್ಲಿ ಅವನ ಪ್ರೊಫೈಲ್ ನೋಡಿದಳು. ಆ ಪೇಪರನ್ನು ಅಲ್ಲಿಂದಲೂ ಅವನೇ ತೆಗೆದಿದ್ದ. ಮೇಲಿದ್ದ ದೊಡ್ಡ ಸಂಖ್ಯೆ ಒಂದು ಮುಷ್ಟಿಯಷ್ಟಾಗಿತ್ತು. ಒಬ್ಬ ಮನುಷ್ಯನ ಹತ್ತು ವರ್ಷ ಹೀಗೆ ಒಂದೇ ಸಲ ಇಲ್ಲವಾಗುತ್ತದೆಯೇ?

ಕೆಳಗೆ ಲೇಖಕನ ಟಿಪ್ಪಣಿ ಇತ್ತು. ತಪ್ಪು ತನ್ನದು, ಜೊತೆಯವರದ್ದಲ್ಲ ಎಂದು ಬರೆದಿದ್ದ. ಕೊನೆಯ ಸಾಲಿನಲ್ಲಿ, ಇದನ್ನು ಕಂಡುಹಿಡಿದ ಸಿಂಧನೂರಿನ ಅಮರೇಶ್ವರಿಯವರಿಗೆ ನಾನು ಋಣಿ ಎಂದಿತ್ತು.

ತನ್ನ ಹೆಸರಿದ್ದ ಆ ಸಾಲನ್ನು ಅವಳು ಎರಡು ಸಲ ಓದಿದಳು.

"ಆ ಹುಡುಗನ ಹೆಸರು ಮುಳುಗ್ಸಿದಾಕಿ ಈಕಿನೇ ಅಂತ," ಎಂದು ಯಾರೋ ಹಿಂದೆ ಪಿಸುಗುಟ್ಟಿದರು.

ನಸ್ರೀನ್ ಬಂದು ಲ್ಯಾಪ್‌ಟಾಪ್ ಮುಚ್ಚಿದಳು. "ಅಂವ ರಜಾ ಹಾಕಿ ಮಸ್ಕ್ಯಾಗ ಅದಾನಂತ. ಹರ್ ಶನಿವಾರ ನಿನ್ನ ಬಸ್ಸು ಅಲ್ಲೇ ಹಾದು ಹೋಗ್ತದಲ್ಲೇ? ಒಂದ್ಸಲ ಇಳದರ ಏನಾಗ್ತದ, ಪಗ್ಲಿ, ಹುಚ್ಚಿ?"

ಆ ಶನಿವಾರ ಮಸ್ಕಿಯಲ್ಲಿ ಬಸ್ಸು ನಿಂತಾಗ ಅಮರೇಶ್ವರಿ ಇಳಿದಳು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸೈಂಟಿಸ್ಟ್ ಮನಿ ಎಂದರೆ ಎಲ್ಲರೂ ಕೈ ತೋರಿಸಿದರು. ಬಾಗಿಲಲ್ಲೇ ಅವನ ತಾಯಿ ತಿಮ್ಮವ್ವ ಜೋಳ ಹಸನು ಮಾಡುತ್ತಾ ಕುಳಿತಿದ್ದಳು. ಹೆಸರು ಕೇಳಿದ್ದೇ ಮೊರ ಕೆಳಗಿಟ್ಟಳು.

"ನನ್ನ ಮಗನ ತಪ್ಪು ಹಿಡದಾಕಿ ನೀನೇನವ್ವಾ?"

ಅಮರೇಶ್ವರಿಗೆ ಓಡಿಹೋಗಬೇಕು ಅನ್ನಿಸಿತು. ಹೂಂ ಎಂದು ತಲೆಯಾಡಿಸಿದಳು.

"ಒಳಗ ಬಾ," ಎಂದಳು ತಿಮ್ಮವ್ವ. "ಸಣ್ಣಾವಿದ್ದಾಗಿಂದ ಅಂವ, ನಾ ತಪ್ಪಂದ್ರ ಒಂದಿನಾ ಒಪ್ಪಿಲ್ಲ. ನೀ ಅಂದ್ರ ಒಪ್ಯಾನ. ರೊಟ್ಟಿ ಉಂಡೇ ಹೋಗಬೇಕು ನೀನು."

ವೆಂಕೋಬ ಮಾಳಿಗೆಯಿಂದ ಇಳಿಯುತ್ತಿದ್ದವನು ಅವಳನ್ನು ಕಂಡು ನಡು ಮೆಟ್ಟಿಲಲ್ಲೇ ನಿಂತ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಪ್ರಮೋಷನ್ ಇನ್ನೊಬ್ಬರ ಪಾಲಾಗಿತ್ತು. ತಿಂಗಳ ರಜೆ ಹಾಕಿ ಬಂದಿದ್ದ.

"ಸಿಟ್ಟೇನ್ರಿ ನನ್ನ ಮ್ಯಾಲ?" ಎಂದಳು, ತಿಮ್ಮವ್ವ ಒಲೆಯ ಕಡೆ ಹೋದ ಮೇಲೆ. "ಅವತ್ತು ಫೋನಿನ್ಯಾಗ ಹಂಗ ಅನ್ನಬಾರದಾಗಿತ್ತು."

"ಸಿಟ್ಟಲ್ಲ. ನೀವು ಅಂದದ್ದ ನನ್ನ ಮನಸಿನ್ಯಾಗೂ ಇತ್ತು. ಅದಕ್ಕ ಹೆದರಿ ಫೋನ್ ಇಟ್ಟೆ. ಆಮ್ಯಾಲ ಮಾರಿ ತೋರಸಾಕ ಆಗಲಿಲ್ಲ."

"ನನ್ನ ಹೆಸರ್ಯಾಕ ಹಾಕಿದ್ರಿ?"

ಅವನು ಇಳಿದು ಬಂದು ಕೆಳಗಿನ ಮೆಟ್ಟಿಲಲ್ಲಿ ಕುಳಿತ. "ನಾನೂರು ಮಂದಿ ನನ್ನ ಪೇಪರಿನ ಹೆಸರು ಬರಕೊಂಡ್ರು. ನಿಮ್ಮಂಗ ಯಾರೂ ಅದನ್ನ ಓದಿರಲಿಲ್ಲ. ನೀವು ಬೈಯಾಕತ್ತಿದ್ರಿ, ನನಗ ಮಾತ್ರ ನನ್ನ ಸಾಲು ನಿಮ್ಮ ಬಾಯಾಗ ಕೇಳಿ..." ಅಲ್ಲಿಗೆ ನಿಲ್ಲಿಸಿದ. ಕಿವಿ ಕೆಂಪಾಗಿದ್ದವು. "ಅವತ್ತಿಂದ ಹೇಳಬೇಕಂತಿದ್ದೆ. ಆಗ ನನ್ನ ಕಡೆ ದೊಡ್ಡ ಹೆಸರಿತ್ತು. ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಕೇಳಬೇಕೆಂದುಕೊಂಡೇ ಬಂದಿದ್ದ ಮಾತು ನಿಜವಾಗಿ ಎದುರು ಬಂದಾಗ ಇಷ್ಟು ಗಾಬರಿಯಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಆ ಪೇಪರ್ ಬರದಾವನ ಮ್ಯಾಲ ನನಗ ಎಂದೋ ಮನಸಾಗಿತ್ತು," ಎಂದಳು, ನೆಲ ನೋಡುತ್ತಾ. "ಮುದುಕ ಅನ್ಕೊಂಡಿದ್ದೆ, ಅಷ್ಟೇ."

"ಆ ಪೇಪರ್ ಈಗ ಇಲ್ಲಲ್ಲ."

"ಪೇಪರ್ ಹೋಗೇತಿ. ಹಿಮ್ಮಡಿ ನೋಡಿ ಬರದಾವ ಇಲ್ಲೇ ಕುಂತಾನ." ತಲೆ ಎತ್ತಿದಳು. "ಸರಿಯಾದ ಡಬ್ಬಿ ಹಿಡಕೊಂಡು ಮತ್ತ ಶುರು ಮಾಡು. ನಾನೂ ಇರ್ತೀನಿ."

ಮಾಡ್ರಿ ಬಿಟ್ಟು ಮಾಡು ಎಂದದ್ದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಯಾರೂ ತಿದ್ದಲಿಲ್ಲ.

ಊಟಕ್ಕೆ ಕುಳಿತಾಗ ಅವಳ ಫೋನ್ ಬಡಿಯಿತು. ಲಿಂಗಸುಗೂರಿನಿಂದ ಅಪ್ಪ ಗಾಳೆಪ್ಪ.

"ಎಲ್ಲಿದ್ದಿ ಅಮ್ರು? ಬಸ್ ಬಂದು ಹೋತು."

"ಮಸ್ಕ್ಯಾಗ ಇಳದೀನಪ್ಪ."

"ಮಸ್ಕ್ಯಾಗ ನಮ್ಮವರು ಯಾರದಾರ?"

ರೊಟ್ಟಿ ಮುರಿಯುತ್ತಿದ್ದ ವೆಂಕೋಬನ ಕೈ ಗಾಳಿಯಲ್ಲೇ ನಿಂತಿತು. ಅಮರೇಶ್ವರಿ ಅವನನ್ನೇ ನೋಡಿದಳು. ಈ ಸಲ ಕಣ್ಣು ಹೊರಳಿಸಲಿಲ್ಲ.

"ಅದಾರಪ್ಪ," ಎಂದಳು. "ಮುಂದಿನ ಬಸ್ಸಿಗೆ ಕರ್ಕೊಂಡು ಬರ್ತೀನಿ. ನೀನೇ ನೋಡು."