ಬಾಲ ತಗ್ಗಿದ ವಿಮಾನ

ಭಾನುವಾರದ ಪೂಜೆ ಮುಗಿಸಿ ಬಂದ ಗ್ಲೋರಿಯಾ ಬೀರು ತೆಗೆದಾಗ ಎರಡೆಳೆ ಚಿನ್ನದ ಸರ ಇರಲಿಲ್ಲ. ಬೀಗ ಮುರಿದಿರಲಿಲ್ಲ. ಕೀ ಎಲ್ಲಿರುತ್ತದೆಂದು ಮನೆಯವರಿಗೆಲ್ಲ ಗೊತ್ತು—ಅವರ ಜೀಪ್ ಡ್ರೈವರ್ ಬಾಲುವಿಗೂ. ಎಲ್ಲರೂ ಚರ್ಚಿನಲ್ಲಿದ್ದಾಗ ಹೊಂಗಡಹಳ್ಳದ ಆ ಮನೆಯೊಳಗೆ ಹೋದವನು ಅವನೊಬ್ಬನೇ. ಮಿಲ್ಲಿನ ಅಕ್ಕಿ ತಂದು ಡ್ರಮ್ಮಿಗೆ ಸುರಿದಿದ್ದ.

ಮರುದಿನ ಅವನನ್ನು ಸ್ಟೇಷನ್ನಿಗೆ ಕರೆತರಲು ಹೆಡ್ ಕಾನ್‌ಸ್ಟೆಬಲ್ ನೇತ್ರಾವತಿಗೆ ಅಪ್ಪಣೆಯಾಗಿತ್ತು. ಅವಳಿಗೆ ಮನಸ್ಸು ಬರಲಿಲ್ಲ. ಒಮ್ಮೆ ಕಳ್ಳನೆನಿಸಿಕೊಂಡವನಿಗೆ ಈ ಸೀಮೆಯಲ್ಲಿ ಯಾರು ಜೀಪ್ ಕೊಡುತ್ತಾರೆ?

“ನಾನ್ ಮುಟ್ಟಿಲ್ಲ ಕಣಕ್ಕಾ,” ಎಂದಷ್ಟೇ ಹೇಳಿ ಬಾಲು ಜಗಲಿಯಲ್ಲಿ ಕುಳಿತಿದ್ದ.

ಜಗಲಿ ಪಕ್ಕದ ಸ್ಟೋರ್ ರೂಮಿನ ತೊಲೆಯಿಂದ ಒಂದು ಮಾದರಿ ವಿಮಾನ ತೂಗುತ್ತಿತ್ತು. ತೆಳುಕಾಗದದ ಮೈ, ತಿಮಿಂಗಿಲದಂಥ ಬುರುಡೆ. ಬಾಗಿಲಿಂದ ನುಗ್ಗಿದ ಮಂಜಿನಲ್ಲಿ ಅದು ಈಜುತ್ತಿರುವಂತಿತ್ತು. ನೇತ್ರಾವತಿ ಬಂದ ಕೆಲಸ ಮರೆತು ನೋಡಿದಳು. ಅದನ್ನು ಮಾಡಿದ್ದ ಗ್ಲೋರಿಯಾಳ ಗಂಡ ರಸೆಲ್ ಪಕ್ಕದಲ್ಲೇ ನಿಂತಿದ್ದ.

“ಇಷ್ಟು ದಪ್ಪದ್ದು ಹಾರುತ್ತಾ?”

“ದಪ್ಪ ಅಷ್ಟೇ, ಭಾರ ಅಲ್ಲ. ಒಳಗೆಲ್ಲ ಖಾಲಿ. ಬೇರೆ ವಿಮಾನಗಳ ಬಿಡಿಭಾಗ ಸಾಗಿಸೋ ನಿಜವಾದ ವಿಮಾನಾನೂ ಹೀಗೇ. ಎತ್ತೋದು ರೆಕ್ಕೆ. ಹೊರೆ ರೆಕ್ಕೆ ಹತ್ರ ಕೂತಿದ್ರೆ ಸಾಕು.”

ಶನಿವಾರ ಚೆನ್ನಾಗಿ ಹಾರಿತ್ತಂತೆ. ಭಾನುವಾರ ಚರ್ಚಿನಿಂದ ಬಂದವನೇ ಗುಡ್ಡಕ್ಕೆ ಒಯ್ದು ಬಿಟ್ಟರೆ, ಮೂತಿ ಮೇಲೆತ್ತಿ, ಬಾಲ ಊರಿ ಬಿತ್ತು. ಮಂಜಿನ ತೇವ ಕುಡಿದಿರಬೇಕು ಎಂದ.

ತೇವವಾದರೆ ಮೈಯೆಲ್ಲ ಭಾರವಾಗಬೇಕು. ಬಾಲವೊಂದೇ ಏಕೆ? ತನ್ನ ಲೆಕ್ಕ ತಪ್ಪಾದರೆ? ಎರಡೆರಡು ಸಲ ಯೋಚಿಸಿ ನೇತ್ರಾವತಿ ಗ್ಲೋರಿಯಾಳನ್ನು ಕೇಳಿದಳು—“ಮನೆ ಖಾಲಿ ಬಿಡೋವಾಗ ಚಿನ್ನ ಎಲ್ಲಿಡ್ತೀರಿ?”

“ಅತ್ತೆ ಅಕ್ಕಿ ಡ್ರಮ್ಮಲ್ಲಿ ಹೂತಿಡ್ತಾರೆ, ಪ್ರತಿ ಭಾನುವಾರ. ಈ ಸಲ ಅಕ್ಕಿ ಬರೋದಿತ್ತಲ್ಲ, ಇಟ್ಟಿಲ್ಲ ಅಂದ್ರು.”

ನೇತ್ರಾವತಿ ಒಳಗೆ ಜಪಮಾಲೆ ಹಿಡಿದಿದ್ದ ಆ ಅತ್ತೆ, ಮೊಡೆಸ್ಟಾಳ ಎದುರು ಕುಳಿತಳು.

“ಸರ ತೆಗೆದವರು ನೀವೇ ಅಲ್ವಾಮ್ಮ? ಬಾಲು ಡ್ರಮ್ಮು ಮುಟ್ತಾನೆ ಅಂತ ಬೇರೆ ಜಾಗ ಹುಡುಕಿದ್ರಿ.”

ಜಪಮಣಿ ನಿಂತಿತು.

“ಆ ವಿಮಾನಕ್ಕೆ ಅಷ್ಟು ದೊಡ್ಡ ಹೊಟ್ಟೆ, ಸುಮ್ನೆ ಖಾಲಿ ಇತ್ತು. ಮೂತಿ ತೆರೆದು ಒಳಗಿಟ್ಟೆ,” ಎಂದಳು ಮುದುಕಿ. ತೆಗೆಯುವ ಮೊದಲೇ ಮಗ ಗುಡ್ಡಕ್ಕೆ ಒಯ್ದ. ಆಮೇಲೆ ತೊಲೆಗೆ ಕಟ್ಟಿದ, ಕೈಗೆ ಎಟುಕಲಿಲ್ಲ. ಅಷ್ಟರಲ್ಲಿ ಬಾಲುವಿನ ಹೆಸರು ಬಂದಿತ್ತು. ನಿಜ ಹೇಳಲು ಬಾಯಿ ಬರಲಿಲ್ಲ.

ರಸೆಲ್ ವಿಮಾನ ಇಳಿಸಿ ಅಲುಗಾಡಿಸಿದ. ಬಾಲದಿಂದ ಕರವಸ್ತ್ರದ ಗಂಟೊಂದು ಜಾರಿ ಹೊರಬಿತ್ತು, ಅದರೊಳಗೆ ಸರ.

“ಒಳಗೆ ಜಾರದೆ ರೆಕ್ಕೆ ಕೆಳಗೇ ನಿಂತಿದ್ರೆ ಇದು ಹಾರಿಬಿಡ್ತಿತ್ತು,” ಎಂದಳು ನೇತ್ರಾವತಿ. “ಬಾಲು ಸ್ಟೇಷನ್ನಲ್ಲಿರ್ತಿದ್ದ.”

ಮೊಡೆಸ್ಟಾ ಗೋಡೆ ಹಿಡಿದು ಜಗಲಿಗೆ ಬಂದು, ಬಾಲುವಿನ ಮುಂದೆ ನಿಂತಳು. “ತಪ್ಪಾಯ್ತು ಮಗಾ.”

ಬಾಲು ಎದ್ದ. ಜೀಪಿನ ಕೀಯನ್ನು ಅವಳ ಅಂಗೈಯಲ್ಲಿಟ್ಟು, ಮಂಜಿನೊಳಗೆ ನಡೆದುಹೋದ.