ಕೆರೆದ ಹೆಸರು

“ಅಬ್ರಹಾಮ ಇಸಾಕನ ತಂದೆ. ಇಸಾಕ ಪೆರೆಚನ ತಂದೆ.”

“ನಿಲ್ಲೇ, ನಿಲ್ಲೇ! ರೈಲು ಸ್ಟೇಷನ್ ಬಿಟ್ಟು ಓಡ್ತಲ್ಲ!” ತಾತ ಅಂಟಿನ ಬ್ರಷ್ ಎತ್ತಿದರು. “ಮಧ್ಯೆ ಯಾಕೋಬ ಎಲ್ಲಿ?”

“ತೆಗೆದೆ.”

“ತೆಗೆದೆ ಅಂದ್ರೆ?”

“ಕಣ್ಣು ಕಾಣದ ಅಪ್ಪನಿಗೇ ಮೋಸ ಮಾಡಿದ್ನಲ್ಲ? ಔಟ್. ಅವನ ಮಗ ಯೆಹೂದ ಸ್ವಂತ ತಮ್ಮನನ್ನೇ ಮಾರಿದ. ಅವನೂ ಔಟ್!”

ಮನೆಯವರೆಲ್ಲ ಈ ಮೊಮ್ಮಗಳನ್ನು ಮೆಣಸು ಎಂದು ಕರೆಯುವುದು ಸುಮ್ಮನೆ ಅಲ್ಲ. ಗಾತ್ರ ಸಣ್ಣದು, ಖಾರ ಬಹಳ. ಇವತ್ತಂತೂ ಕೋಪ ಮೂಗಿನ ತುದಿಯಲ್ಲೇ ಕೂತಿತ್ತು.

ಭಾನುವಾರ ಚರ್ಚಿನಲ್ಲಿ ಅವಳು ಯೇಸುವಿನ ವಂಶಾವಳಿಯನ್ನು ನೋಡದೆ ಹೇಳಬೇಕಿತ್ತು. ಪುಸ್ತಕಗಳಿಗೆ ರಟ್ಟು ಕಟ್ಟುವ ತಾತ, ತಮ್ಮ ಕೆಲಸದ ಕೋಣೆಯಲ್ಲೇ ಕೂರಿಸಿ ಕಲಿಸುತ್ತಿದ್ದರು. “ಬರೀ ಹೆಸರಲ್ಲ ಕಣೇ. ನಿನ್ನ ಸಂತತೀನ ಕೈಬಿಡಲ್ಲ ಅಂತ ದೇವರು ಅಬ್ರಹಾಮನಿಗೆ ಮಾತು ಕೊಟ್ಟ. ಒಂದೊಂದು ಹೆಸರೂ ಆ ಮಾತು ಉಳಿಸಿಕೊಂಡಿದ್ದಕ್ಕೆ ಸಾಕ್ಷಿ,” ಎನ್ನುತ್ತಿದ್ದರು.

ಮಧ್ಯಾಹ್ನ ಮನೆಯ ಹಳೇ ಬೈಬಲ್ ತರಲು ಹೋದವಳು ಅದರ ಮೊದಲ ಹಾಳೆ ನೋಡಿದ್ದಳು. ಮನೆಯವರ ಹೆಸರುಗಳೆಲ್ಲ ಗೆರೆಗಳಿಂದ ಒಂದಕ್ಕೊಂದು ಸೇರಿಕೊಂಡು ಅಲ್ಲಿದ್ದವು. ಮುತ್ತಾತ, ತಾತ, ಅತ್ತೆ. ಅಪ್ಪನ ಹೆಸರಿದ್ದ ಜಾಗ ಮಾತ್ರ ಬೆಳ್ಳಗೆ, ತೆಳ್ಳಗೆ. ಬ್ಲೇಡಿನಿಂದ ಶಾಯಿ ಕೆರೆದು ತೆಗೆಯುವ ಕೆಲಸ ಆ ಮನೆಯಲ್ಲಿ ಒಬ್ಬರಿಗೇ ಗೊತ್ತು. ಅದರ ಕೆಳಗಿದ್ದ ಅವಳ ಹೆಸರು ಯಾರಿಗೂ ಸೇರದೆ ನೇತಾಡುತ್ತಿತ್ತು.

ಅಪ್ಪ ಗೋದಾಮಿನ ಸಾಮಾನು ಕದ್ದು ಜೈಲಿಗೆ ಹೋಗಿ ಎಂಟು ತಿಂಗಳಾಗಿತ್ತು. ಅದು ಅವಳಿಗೆ ಗೊತ್ತಿತ್ತು. ಬ್ಲೇಡಿನ ವಿಷಯ ಗೊತ್ತಿರಲಿಲ್ಲ.

“ದಾವೀದ ರಾಜನೂ ಔಟ್! ಇನ್ನೊಬ್ಬನ ಹೆಂಡ್ತೀನ ಕರ್ಕೊಂಡು, ಅವನನ್ನ ಯುದ್ಧಕ್ಕೆ ಕಳಿಸಿ ಸಾಯಿಸ್ದ. ಮನಸ್ಸೆ ಅನ್ನೋ ರಾಜ ಊರು ತುಂಬ ರಕ್ತ ಹರಿಸ್ದ. ಔಟ್!”

ತಾತ ನಕ್ಕರು. “ಹಿಂಗೇ ತೆಗೀತಾ ಹೋದ್ರೆ ಯೇಸುವಿಗೆ ಮನೆಯವರೇ ಇರಲ್ವಲ್ಲೇ!”

“ಅಲ್ವಾ? ದೇವರು ಒಬ್ಬರನ್ನೂ ತೆಗೀಲಿಲ್ಲ. ನೀವ್ಯಾಕೆ ತೆಗೆದ್ರಿ?” ಅವಳು ಬೈಬಲ್ ತೆರೆದು ಅವರ ಮುಂದೆ ತಳ್ಳಿದಳು.

ತಾತನ ನಗು ಅಲ್ಲೇ ನಿಂತಿತು.

“ನಿಮ್ಮಪ್ಪ ನನ್ನ ಮರ್ಯಾದೆ ಮಣ್ಣುಪಾಲು ಮಾಡಿದ! ಇದೇ ಬೀದೀಲಿ ತಲೆ ಎತ್ತಿ ನಡೆದೋನು ನಾನು!”

“ಹಾಗಾದ್ರೆ ನನ್ನ ಹೆಸರೂ ಕೆರೀರಿ! ನಾನೂ ಅವರ ಮಗಳೇ!” ಮೇಜಿನ ಮೇಲಿದ್ದ ಬ್ಲೇಡನ್ನು ಹಾಳೆಯ ಮೇಲೆ ಇಟ್ಟಳು.

ತಾತ ಬ್ಲೇಡ್ ಮುಟ್ಟಲಿಲ್ಲ. ಅವಳ ಹೆಸರನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಕಾಗದ ಮಡಚುವ ಮೂಳೆಪಟ್ಟಿ ತೆಗೆದುಕೊಂಡು ಕೆರೆದ ಜಾಗವನ್ನು ಮೆಲ್ಲಗೆ ತಿಕ್ಕತೊಡಗಿದರು. ಕೆರೆದ ಕಾಗದದಲ್ಲಿ ಶಾಯಿ ಹರಡುತ್ತದೆ. ಬರೆಯುವ ಮುಂಚೆ ನುಣುಪು ಮಾಡಲೇಬೇಕು.

“ನಂಗಿನ್ನೂ ಕೋಪ ಹೋಗಿಲ್ಲ,” ಎಂದರು.

“ನಂಗೂ ಹೋಗಿಲ್ಲ. ಅಪ್ಪನ ಮೇಲೂ, ನಿಮ್ಮ ಮೇಲೂ.”

ತಾತ ಪೆನ್ನು ಹಿಡಿದರು. ಅವಳು ಬಗ್ಗಿ ನೋಡಿದಳು. ಬ್ಲೇಡು ಶಾಯಿಯನ್ನಷ್ಟೇ ತೆಗೆದಿತ್ತು. ಹಿಂದೆ ಯಾವಾಗಲೋ ನಿಬ್ಬು ಒತ್ತಿದ ಗುರುತು ಹಾಗೇ ಇತ್ತು. ತಾತ ಅದರ ಮೇಲೇ ಬರೆದರು. ಮೊದಲ ಅಕ್ಷರ ಹರಡಿ ದಪ್ಪಗಾಯಿತು.

“ಗೆರೆ ನೀನೇ ಸೇರಿಸು,” ಎಂದು ಪೆನ್ನು ಕೊಟ್ಟರು.

ಅಪ್ಪನ ಹೆಸರಿನಿಂದ ತನ್ನ ಹೆಸರಿನವರೆಗೆ ಅವಳು ಗೆರೆ ಎಳೆದಳು. ಸ್ವಲ್ಪ ಸೊಟ್ಟಗೆ ಬಂತು.

ಶಾಯಿ ಒಣಗುವವರೆಗೆ ಹಾಳೆ ಮುಚ್ಚುವಂತಿರಲಿಲ್ಲ. ಅಲ್ಲೇ ಕಾಯುತ್ತ ಕೂತು, ಇನ್ನೂ ಸಿಡುಕಿನ ದನಿಯಲ್ಲೇ, ಅವಳು ಮೊದಲಿನಿಂದ ಶುರು ಮಾಡಿದಳು.

“ಅಬ್ರಹಾಮ ಇಸಾಕನ ತಂದೆ. ಇಸಾಕ ಯಾಕೋಬನ ತಂದೆ...”

ಈ ಸಲ ಯೆಹೂದನನ್ನೂ ಬಿಡಲಿಲ್ಲ.