ಹದಿನಾರು ವಾರದ ಹೊಗಳಿಕೆ

"ಆ...ಜು ಜಾಲ್ ಹೆಸ್ಸೊ."

ಕೊರಿಯನ್ ಮ್ಯಾನೇಜರ್ ನಾಮ್ ಇಷ್ಟು ಹೇಳಿ ಹೇಜಲ್‌ಳನ್ನೇ ದಿಟ್ಟಿಸಿದರು. ದೋಹಾದ ಆ ಸೈಟ್ ಆಫೀಸಿನಲ್ಲಿ ಅದು ಅವಳ ಮೊದಲ ಮೀಟಿಂಗ್. ಹಿಂದಿನ ದಿನವಿಡೀ ಕೂತು ಡ್ರಾಯಿಂಗುಗಳನ್ನು ತಾರೀಖಿನ ಪ್ರಕಾರ ಜೋಡಿಸಿದ್ದಳು. ಅಲ್ಲಿ ಜೋಡಿಸಬೇಕಾದದ್ದು ನಂಬರಿನ ಪ್ರಕಾರ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಏನಂದದ್ದು ಅವ್ರು?" ಪಕ್ಕದವನನ್ನು ಕೇಳಿದಳು.

ಪಕ್ಕದವನು ಡಿಯೋನ್. ಉಡುಪಿಯ ಹುಡುಗ, ಬೂಸಾನಿನಲ್ಲಿ ನಾಲ್ಕು ವರ್ಷ ದುಡಿದು ಬಂದವನು, ಮೀಟಿಂಗಿನ ದುಭಾಷಿ. ಅವಳ ಕಣ್ಣಿನಲ್ಲಿ ಅಷ್ಟೊಂದು ಆಸೆ...

"ತುಂಬಾ ಚೆನ್ನಾಗಿ ಮಾಡಿದ್ದೀರಿ ಅಂತ."

ಅವಳು ನಕ್ಕಳು. ಅಲ್ಲಿಗೆ ಅವನ ಕಥೆ ಮುಗಿಯಿತು ನೋಡಿ.

ಪದಗಳ ಅರ್ಥವೇನೋ ಅದೇ. ಆದರೆ ಮ್ಯಾನೇಜರ್ ಹಾಗೆ ರಾಗ ಎಳೆದರೆ ಅದು ಚುಚ್ಚುಮಾತು ಎಂದು ಡಿಯೋನ್‌ಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಮಂಗಳವಾರದ ಮೀಟಿಂಗಿನಲ್ಲಿ ಅವರು ಚುಚ್ಚಿದರು, ಇವನು ಹೊಗಳಿಕೆ ಮಾಡಿ ದಾಟಿಸಿದ, ಅವಳ ತಪ್ಪುಗಳನ್ನು ಸದ್ದಿಲ್ಲದೆ ತಾನೇ ತಿದ್ದಿದ. ಅವಳೋ, ಎದ್ದು ನಿಂತು ಬಾಗಿ ಕೊರಿಯನ್ ಭಾಷೆಯಲ್ಲೇ ಥ್ಯಾಂಕ್ಸ್ ಹೇಳಿದಳು. ಸಾಲದ್ದಕ್ಕೆ ಮೀಟಿಂಗಿನ ಮಿನಿಟ್ಸ್ ಬರೆಯುವವಳೂ ಅವಳೇ! 'ಹೇಜಲ್ ಅವರ ಕೆಲಸಕ್ಕೆ ಮ್ಯಾನೇಜರ್ ಮೆಚ್ಚುಗೆ ಸೂಚಿಸಿದರು.' ಹದಿನಾರು ವಾರ ಹೀಗೆ ಬರೆದಳು. ನಾಮ್ ಓದುವ ಗೋಜಿಗೆ ಹೋಗದೆ ಸಹಿ ಹಾಕಿದರು.

ಪ್ರೊಬೇಷನ್ ಮುಗಿಯುವ ವಾರ ಅವಳನ್ನು ತೆಗೆಯಿರಿ ಎಂದು ನಾಮ್ ಹೇಳಿದಾಗ, ಎಚ್‌ಆರ್‌ನ ಶಾಹಿನಾ ಆ ಹದಿನಾರು ಹಾಳೆಗಳನ್ನು ಅವರ ಮುಂದಿಟ್ಟಳು. ಮಿನಿಟ್ಸನ್ನೇ ತಿರುಚಿದ್ದಾಳೆ ಎಂದು ನಾಮ್ ಕೂಗಾಡಿದರು. ಆ ಹೊಗಳಿಕೆಗಳೆಲ್ಲ ಬೈಗುಳವಾಗಿದ್ದವು ಎಂದು ಶಾಹಿನಾ ಮೆಲ್ಲಗೆ ತಿಳಿಸಿದಾಗ ಹೇಜಲ್ ತಾನೇ ಬರೆದ ಹಾಳೆಗಳನ್ನು ಒಂದೊಂದಾಗಿ ತಿರುವಿದಳು.

'ಇಡೀ ಟೇಬಲ್ಲಿಗೆ ಗೊತ್ತಿತ್ತು... ನಾನೊಬ್ಬಳೇ ಬಾಗುತ್ತಿದ್ದೆ.'

ನೇರ ಡಿಯೋನ್ ಎದುರು ಹೋಗಿ ನಿಂತಳು.

"ನನ್ನನ್ನು ನೋಡಿ ನಗ್ಲಿಕ್ಕೆ ಹದಿನಾರು ವಾರ ಬೇಕಾಯ್ತಾ?"

ಉತ್ತರಕ್ಕೆ ಕಾಯದೆ ಹೊರಟುಹೋದಳು.

ಮರುದಿನ ಅಲ್ ಹಿಲಾಲ್ ಬಡಾವಣೆಯ ತನ್ನ ರೂಮಿನಿಂದ ಅವಳು ಆಫೀಸಿಗೆ ಬಂದದ್ದು ಟೇಬಲ್ ಖಾಲಿ ಮಾಡಲಿಕ್ಕೆ. ಶಾಹಿನಾ ಕೈಗಿಟ್ಟದ್ದು ಬೇರೆಯೇ ಪತ್ರ. ಕೆಲಸ ಉಳಿದಿತ್ತು, ಪ್ರೊಬೇಷನ್ ಎರಡು ತಿಂಗಳು ಮುಂದೆ ಹೋಗಿತ್ತು. ಮಾತು ತಿರುಚಿದ ತಪ್ಪೆಲ್ಲ ತನ್ನದೆಂದು ಡಿಯೋನ್ ಒಪ್ಪಿಕೊಂಡಿದ್ದ. ಅದಕ್ಕೇ ಅವನಿಗೆ ದೂರದ ಅಲ್ ಶಮಾಲ್ ಸೈಟಿಗೆ ವರ್ಗ, ಇವತ್ತೇ.

ಅವಳು ಓಡಿದಳು. ಅಂಗಳದಲ್ಲಿ ಡಿಯೋನ್ ಹತ್ತಿ ಕೂತಿದ್ದ ಪಿಕಪ್ ಹೊರಟು ನಿಂತಿತ್ತು, ಡ್ರೈವರ್ ಯಲ್ಲಾ ಯಲ್ಲಾ ಎಂದು ಅವಸರಿಸುತ್ತಿದ್ದ. ತಡೆಯುವ ಅಧಿಕಾರ ಅವಳಿಗೆಲ್ಲಿತ್ತು?

"ಯಾಕೆ ಸುಳ್ಳು ಹೇಳಿದ್ದು?"

"ನಿಮ್ಮನ್ನು ಬೈಯುವ ಬಾಯಿ ನಂದಾಗುದು ಬೇಡ ಅನ್ನಿಸ್ತು... ನೀವಂದ್ರೆ ನನಗಿಷ್ಟ ಹೇಜಲ್. ಅದನ್ನೂ ಹೇಳ್ಲಿಕ್ಕೆ ಆಗ್ಲಿಲ್ಲ."

ಹೇಜಲ್ ಕಣ್ಣೊರೆಸಿಕೊಂಡಳು. ನಾಮ್ ಎಳೆಯುವಷ್ಟೇ ಉದ್ದಕ್ಕೆ ರಾಗ ಎಳೆದಳು.

"ಆ...ಜು ಜಾಲ್ ಹೆಸ್ಸೊ."

ಅವನು ತಲೆ ತಗ್ಗಿಸಿದ. "ಬೈದದ್ದಲ್ವಾ?"

"ಹೌದು. ಇನ್ನೂ ಬೈಲಿಕ್ಕುಂಟು, ನನಗೆ ಅಷ್ಟು ಕೊರಿಯನ್ ಬರುದಿಲ್ಲ. ಶುಕ್ರವಾರ ಚರ್ಚಿಗೆ ಪೂಜೆಗೆ ಬನ್ನಿ, ಕಲಿಸಿ."

"ಎಷ್ಟು ಶುಕ್ರವಾರ?"

"ಕಲಿಯುವವರೆಗೆ... ನನಗೆ ಬೇಗ ತಲೆಗೆ ಹತ್ತುದಿಲ್ಲ, ನಿಮಗೆ ಗೊತ್ತುಂಟಲ್ಲ."